ಗುಂಡಿಗೆ ಲೆಕ್ಕ ಕೇಳುವುದು ದ್ರೋಹವೇ?

೨೦೨೪ನೆಯ ಇಸವಿ ನವೆಂಬರ್ ೧೮ರ ರಾತ್ರಿ ಹೆಬ್ರಿ ತಾಲೂಕಿನ ಕಬ್ಬಿನಾಲೆ ಗ್ರಾಮದ ಪೀತಬೈಲಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ವಿಕ್ರಂ ಗೌಡ ಎಂಬ ನಕ್ಸಲ್ ಮುಂದಾಳು ಸತ್ತ ಸಂಗತಿಯು ನಮ್ಮ ಓದುಗರೆಲ್ಲರಿಗೂ ತಿಳಿದದ್ದೇ. ಅವನು ಹೊರದೇಶದವನಲ್ಲ, ಹೊರಜಿಲ್ಲೆಯವನೂ ಅಲ್ಲ; ಅದೇ ತಾಲೂಕಿನ ನಾಡ್ಪಾಲು ಗ್ರಾಮದ ಕೂಡ್ಲಿನವನು. ಎಷ್ಟೋ ವರ್ಷಗಳಿಂದ ಪೋಲೀಸರು ಹುಡುಕುತ್ತಿದ್ದ ಮನುಷ್ಯ. ದಿನಸಿ ಒಯ್ಯಲೆಂದು ಸಂಗಡಿಗರೊಡನೆ ಕಾಡಂಚಿನ ಮನೆಯೊಂದಕ್ಕೆ ಬಂದನು, ಪೋಲೀಸರ ಮೇಲೆ ಗುಂಡು ಹಾರಿಸಿದನು, ಮರುಗುಂಡಿಗೆ ಬಿದ್ದನು, ಸಂಗಡಿಗರು ತಪ್ಪಿಸಿಕೊಂಡರು—ಇದು ಅಧಿಕಾರಿಗಳು ಕೊಟ್ಟ ಹೇಳಿಕೆ. ಶವವನ್ನು ಮರಣೋತ್ತರ ಪರೀಕ್ಷೆಗೆ ನಮ್ಮಿಂದ ಎರಡು ಮೈಲಿ ದೂರದ ಮಣಿಪಾಲಕ್ಕೆ ತಂದರು. ಬಳಿಕ ಕೂಡ್ಲಿನಲ್ಲಿ ಅವನ ಮನೆತನದ ಜಾಗದಲ್ಲೇ ಸುಟ್ಟರು.

ಮಲ್ಪೆಯಿಂದ ಹೊರಟು ನಮ್ಮ ಕಡಿಯಾಳಿಯ ಅಂಗಡಿಗಳ ಮುಂದೆಯೇ ಹಾದು ಮಣಿಪಾಲ, ಹಿರಿಯಡಕ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವ ಹೆದ್ದಾರಿಯಿದೆಯಷ್ಟೆ. ಆ ದಾರಿಯಲ್ಲಿ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಹೆಬ್ರಿ ಪೇಟೆ. ಅಷ್ಟು ಹತ್ತಿರದಲ್ಲಿ ಒಬ್ಬ ಮನುಷ್ಯನನ್ನು ಸರಕಾರದ ಬಂದೂಕು ಕೊಂದಿತು. ಆ ದಿನಗಳಲ್ಲಿ ನಮ್ಮ ಜನ ಆಡಿದ ಮಾತುಗಳನ್ನು ಆಗಲೇ ಬರೆಯಬಹುದಾಗಿತ್ತು. ಆದರೆ ಬಿಸಿ ಆರಿದ ಮೇಲೆ ವಿಚಾರ ಮಾಡುವುದು ಮೇಲು. ಆ ಬಳಿಕ ನಡೆದ ಕೆಲವು ಸಂಗತಿಗಳನ್ನೂ ಸೇರಿಸಿ ನೋಡಿದರೆ ಮಾತ್ರ ಈ ವಿಷಯವು ಪೂರ್ತಿಯಾಗಿ ಅರ್ಥವಾದೀತು.

ಮೂರು ಬಗೆಯ ಮಾತು

ಆಗ ಕೇಳಿಬಂದದ್ದು ಮೂರು ಬಗೆಯ ಮಾತು. "ಒಳ್ಳೆಯದೇ ಆಯಿತು, ಪೀಡೆ ತೊಲಗಿತು, ಪೋಲೀಸರಿಗೆ ಶಾಬಾಸ್" ಎಂಬುದು ಮೊದಲನೆಯದು. "ಇದು ಕಾಳಗವಲ್ಲ, ಹಿಡಿಯಬಹುದಾಗಿದ್ದವನನ್ನು ಕೊಂದುಹಾಕಿದರು" ಎಂಬುದು ಎರಡನೆಯದು. ಪೋಲೀಸರು ಆ ಮನೆಯೊಳಗೆ ಮೊದಲೇ ಅಡಗಿ ಕಾದಿದ್ದರೇ, ಮನೆಯವರು ಆಗ ಎಲ್ಲಿದ್ದರು, ಶರಣಾಗೆಂದು ಹೇಳಿದರೇ, ಹೇಳಿದ್ದಕ್ಕೆ ಸಾಕ್ಷಿ ಯಾರು, ಒಬ್ಬನೇ ಸತ್ತು ಉಳಿದವರು ಹೇಗೆ ಪಾರಾದರು ಎಂದು ಹಲವರು ಪ್ರಶ್ನಿಸಿದರು. ನ್ಯಾಯಾಂಗ ವಿಚಾರಣೆ ಬೇಕೆಂದು ಪ್ರಗತಿಪರ ಲೇಖಕರೂ ಹೋರಾಟಗಾರರೂ ಬೇಡಿಕೆಯಿಟ್ಟರು. ಆಗಿನ ಗೃಹ ಸಚಿವ ಜಿ. ಪರಮೇಶ್ವರ್ ಅವರು ಅನುಮಾನಕ್ಕೆ ಎಡೆಯಿಲ್ಲ, ಪೋಲೀಸರು ಗುಂಡು ಹಾರಿಸದಿದ್ದರೆ ಅವರೇ ಸಾಯುತ್ತಿದ್ದರು ಎಂಬ ಉತ್ತರ ಕೊಟ್ಟರು.

ಮೂರನೆಯ ಬಗೆಯದು ಮಾತೇ ಅಲ್ಲ, ಮೌನ. ಎಲ್ಲಕ್ಕಿಂತ ಹೆಚ್ಚು ಜನ ಈ ಗುಂಪಿನವರು. ಜಿನಸಿನ ಅಂಗಡಿಯ ಶೆಟ್ಟರು, ಅಕ್ಕಿ ಮಿಲ್ಲಿನ ಕೆಲಸದವರು, ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕಂದಿರು, ಬೀಡಿ ಕಟ್ಟುವವರು, ರಿಕ್ಷಾ ಓಡಿಸುವವರು ಪತ್ರಿಕೆ ಓದಿದರು, ಮಡಚಿಟ್ಟರು, ಕೆಲಸಕ್ಕೆ ಹೋದರು. "ಮಾಷ್ಟ್ರೇ, ದೊಡ್ಡವರ ವಿಷಯ ನಮಗೆ ಯಾಕೆ? ಅವನ ಪರ ಮಾತಾಡಿದರೆ ನಾವೂ ನಕ್ಸಲರು ಅಂತಾರೆ; ಪೋಲೀಸರ ಪರ ಮಾತಾಡಲಿಕ್ಕೆ ಅಲ್ಲಿ ನಡೆದದ್ದು ಎಂತ ಅಂತ ನಮಗೆ ಗೊತ್ತುಂಟಾ?" ಎಂದರು ಒಬ್ಬ ಅಂಗಡಿಯವರು. ಈ ಮಾತಿನಲ್ಲಿ ಹೆದರಿಕೆಯೂ ಇದೆ, ಪ್ರಾಮಾಣಿಕತೆಯೂ ಇದೆ. ಅಲ್ಲಿ ನಡೆದದ್ದೇನೆಂದು ಗೊತ್ತಿಲ್ಲದೆ ಜೈಕಾರ ಹಾಕುವವನಿಗಿಂತಲೂ, ಗೊತ್ತಿಲ್ಲದೆ ಕೊಲೆಯೆಂದು ತೀರ್ಪು ಕೊಡುವವನಿಗಿಂತಲೂ ಗೊತ್ತಿಲ್ಲವೆಂದು ಒಪ್ಪಿದ ಇವರೇ ವಾಸಿ. ಈ ಲೇಖನ ಬರೆದಿರುವುದು ಇಂಥವರಿಗಾಗಿಯೇ. ಗೊತ್ತಿಲ್ಲವೆಂದ ಮೇಲೆ ಸುಮ್ಮನಿರುವುದು ಸರಿಯೇ, ಗೊತ್ತುಮಾಡಿಕೊಡಿರೆಂದು ಕೇಳುವುದು ಸರಿಯೇ? ಪ್ರಶ್ನೆ ಇಷ್ಟೇ.

ಮೊದಲೇ ಒಂದು ಮಾತು

ಓದುಗರ ಮನಸ್ಸಿನಲ್ಲಿ ಸಂಶಯ ಉಳಿಯಬಾರದೆಂದು ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಬಂದೂಕಿನ ರಾಜಕೀಯವನ್ನು ಸಮಾಜವಾದಿಗಳು ಎಂದೂ ಒಪ್ಪಿದವರಲ್ಲ. ನಕ್ಸಲರು ಈ ಮಲೆನಾಡಿನ ಸೆರಗಿನಲ್ಲಿ ಮಾಡಿದ ಕೊಲೆಗಳನ್ನು ಮರೆತು ಮಾತಾಡುವುದೂ ಅನ್ಯಾಯ. ೨೦೦೫ರ ಫೆಬ್ರವರಿಯಲ್ಲಿ ಅವರ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೋಲೀಸರ ಗುಂಡಿಗೆ ಬಿದ್ದ ಕೆಲವೇ ದಿನಗಳಲ್ಲಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೋಲೀಸರನ್ನು ರಾತ್ರಿಹೊತ್ತು ನುಗ್ಗಿ ಕೊಂದರು. ಸತ್ತ ಆ ಪೋಲೀಸರು ಯಾವ ಜಮೀನುದಾರನ ಮಕ್ಕಳು? ಸಂಬಳಕ್ಕೆ ಸೇರಿದ ಬಡವರ ಮಕ್ಕಳೇ. ೨೦೦೮ರ ಮೇ ತಿಂಗಳಲ್ಲಿ ಹೆಬ್ರಿ ಬಳಿಯ ಸೀತಾನದಿಯಲ್ಲಿ ಶಾಲಾ ಮಾಸ್ತರರೊಬ್ಬರನ್ನೂ ಅವರ ಬಂಧುವನ್ನೂ ಕೊಂದರು. ೨೦೧೧ರಲ್ಲಿ ಇದೇ ಕಬ್ಬಿನಾಲೆಯ ಕಾಡಂಚಿನ ಬಡವನೊಬ್ಬನನ್ನು, ಪೋಲೀಸರಿಗೆ ಸುದ್ದಿ ಕೊಡುವವನೆಂದು ತಾವೇ ಸಂಶಯಿಸಿ, ತಾವೇ ವಿಚಾರಿಸಿ, ತಾವೇ ಶಿಕ್ಷೆ ವಿಧಿಸಿ ಮುಗಿಸಿಬಿಟ್ಟರು.

ಬಡವರ ಹೆಸರಿನಲ್ಲಿ ಹೊರಟ ಬಂದೂಕು ಕಟ್ಟಕಡೆಗೆ ಬಡವನ ಎದೆಗೇ ತಗಲಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ತಾವೇ ಸಂಶಯಿಸಿ, ತಾವೇ ತೀರ್ಪು ಕೊಟ್ಟು, ತಾವೇ ಕೊಲ್ಲುವುದು ನಕ್ಸಲರ ಪಾಲಿಗೆ ಅಪರಾಧವೆಂದಾದರೆ, ಅದೇ ಕೆಲಸವನ್ನು ಸಮವಸ್ತ್ರ ತೊಟ್ಟವರು ಮಾಡಿದಾಗ ಅದು ಶೌರ್ಯವಾಗುವುದು ಹೇಗೆ? ಪೀತಬೈಲಿನಲ್ಲಿ ಹಾಗೆಯೇ ನಡೆಯಿತೆಂದು ನಾವು ಹೇಳುತ್ತಿಲ್ಲ. ಹಾಗೆ ನಡೆಯಲಿಲ್ಲವೆಂದು ತೋರಿಸಿಕೊಡಬೇಕಾದ ಭಾರ ಯಾರ ಮೇಲಿದೆಯೆಂದು ಮಾತ್ರ ಕೇಳುತ್ತೇವೆ. ಅದು ಸತ್ತವನ ಮೇಲಿಲ್ಲ; ಗುಂಡು ಹಾರಿಸಿದವರ ಮೇಲಿದೆ.

ಇಪ್ಪತ್ತು ವರ್ಷಗಳ ಜಮಾ-ಖರ್ಚು

"ಪೋಲೀಸರು ಸುಳ್ಳು ಹೇಳುತ್ತಾರೆಯೇ?" ಎಂದು ಕೇಳುವವರುಂಟು. ಇದು ಸುಳ್ಳು-ಸತ್ಯದ ಮಾತಷ್ಟೇ ಅಲ್ಲ. ಕತ್ತಲಿನಲ್ಲಿ, ಹೆದರಿಕೆಯಲ್ಲಿ, ಕಾಡಿನ ನಡುವೆ ಬಂದೂಕು ಹಿಡಿದ ಯಾವ ಮನುಷ್ಯನೂ ತಪ್ಪಬಹುದು. ನಮ್ಮ ಕಣ್ಣೆದುರಿನ ಇಪ್ಪತ್ತು ವರ್ಷಗಳ ಲೆಕ್ಕ ತೆಗೆದು ನೋಡೋಣ.

೨೦೦೩ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದು ಗ್ರಾಮದ ಬೊಲ್ಲೊಟ್ಟಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ತರುಣಿಯರು ಪೋಲೀಸರ ಗುಂಡಿಗೆ ಸತ್ತರು. ಮೂರನೆಯವಳು ಗಾಯಗೊಂಡು ಸೆರೆಸಿಕ್ಕಳು. ಈ ಜಿಲ್ಲೆಯಲ್ಲಿ ಈ ಕಥೆ ಶುರುವಾದದ್ದೇ ಅಲ್ಲಿಂದ. ಪೀತಬೈಲಿನ ಸಾವಿಗೂ ಅದಕ್ಕೂ ನಡುವೆ ಇಪ್ಪತ್ತೊಂದು ವರ್ಷ. ಈದುವಿನಲ್ಲಿ ಕೇಳಿದ ಪ್ರಶ್ನೆಗಳನ್ನೇ—ಜೀವಂತ ಹಿಡಿಯಲಾಗುತ್ತಿರಲಿಲ್ಲವೇ ಎಂಬುದನ್ನೇ—ಪೀತಬೈಲಿನಲ್ಲಿಯೂ ಕೇಳಬೇಕಾಯಿತೆಂದರೆ ನಡುವಿನ ವರ್ಷಗಳಲ್ಲಿ ನಾವು ಕಲಿತದ್ದೇನು?

೨೦೦೭ರ ಜುಲೈಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದಲ್ಲಿ ಐವರು ಸತ್ತರು. ಪೋಲೀಸರ ಲೆಕ್ಕದಲ್ಲಿ ಅದೂ ನಕ್ಸಲರೊಡನೆ ನಡೆದ ಕಾಳಗವೇ. ಸತ್ತವರಲ್ಲಿ ನಕ್ಸಲರಲ್ಲದ ಗಿರಿಜನರೂ ಇದ್ದರೆಂದು ಊರವರು ಗೋಳಿಟ್ಟರು. ಬಂದೂಕು ಹಿಡಿದು ಬಾಗಿಲಿಗೆ ಬಂದವರಿಗೆ ಊಟ ಕೊಡುವುದಿಲ್ಲವೆನ್ನಲು ಕಾಡಿನ ನಡುವಿನ ಒಂಟಿ ಮನೆಯವರಿಗೆ ಧೈರ್ಯ ಬಂದೀತೇ? ಕೊಟ್ಟರೆ ಪೋಲೀಸರು, ಕೊಡದಿದ್ದರೆ ನಕ್ಸಲರು. ಈ ಎರಡು ಕಲ್ಲುಗಳ ನಡುವೆ ಅರೆದುಹೋದವರು ನಮ್ಮ ಮಲೆಕುಡಿಯರು.

೨೦೧೨ರ ಮಾರ್ಚಿಯಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯ ವಿದ್ಯಾರ್ಥಿಯೊಬ್ಬನನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಹಿಡಿದರು. ಹುಡುಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದನು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗನ ಕುರಿತ ಪುಸ್ತಕವೂ ಪತ್ರಿಕೆಗಳ ತುಣುಕುಗಳೂ ಇದ್ದವು. ರಾಜದ್ರೋಹದ ಆಪಾದನೆಯನ್ನೂ ಹೊರಿಸಿದರು. ೨೦೨೧ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ತಂದೆ-ಮಗ ಇಬ್ಬರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಒಂಬತ್ತು ವರ್ಷಗಳಿಗೂ ಮೇಲ್ಪಟ್ಟು ಆ ಕುಟುಂಬ ಕೋರ್ಟಿನ ಮೆಟ್ಟಿಲು ಸವೆಸಿತು. ಓದುಗರು ದಯವಿಟ್ಟು ಒಂದು ಸಂಗತಿಯನ್ನು ಯೋಚಿಸಬೇಕು. ಅವರು ಬದುಕಿದ್ದರು, ಆದ್ದರಿಂದ ನಿರ್ದೋಷಿಗಳೆಂದು ತಿಳಿಯಿತು. ಆ ದಿನ ಹಿಡಿಯುವ ಬದಲು ಗುಂಡು ಹಾರಿಸಿದ್ದರೆ ಇಂದಿಗೂ ಅವರ ಹೆಸರು ನಕ್ಸಲರ ಪಟ್ಟಿಯಲ್ಲಿಯೇ ಇರುತ್ತಿತ್ತಲ್ಲವೇ?

೨೦೧೪ರ ಏಪ್ರಿಲಿನಲ್ಲಿ ಶೃಂಗೇರಿ ಬಳಿಯ ತನಿಕೋಡು ತಪಾಸಣಾ ಗೇಟಿನಲ್ಲಿ ಜಾನುವಾರು ಸಾಗಿಸುವ ವಾಹನದಲ್ಲಿದ್ದ ಜೋಕಟ್ಟೆಯ ತರುಣನೊಬ್ಬನು ನಕ್ಸಲ್ ನಿಗ್ರಹ ಪಡೆಯ ಪೇದೆಯ ಗುಂಡಿಗೆ ಸತ್ತನು. ಅವನ ಕೈಯಲ್ಲಿ ಬಂದೂಕಿರಲಿಲ್ಲ. ಅವನು ಹೊಟ್ಟೆಪಾಡಿಗೆ ಗಾಡಿ ಹತ್ತಿದ ಕೂಲಿಯವನು. ನಕ್ಸಲರನ್ನು ಹುಡುಕಲು ಕೊಟ್ಟ ಬಂದೂಕು ಕೂಲಿಯವನನ್ನು ಕೊಂದಿತು. ಆಗ ನಮ್ಮ ಕರಾವಳಿಯಲ್ಲಿ ಎದ್ದ ಗದ್ದಲ ನೆನಪಿದೆಯೇ? ಗುಂಡು ಹಾರಿದ್ದು ಸರಿಯೇ ಎಂಬುದಕ್ಕಿಂತ ಸತ್ತವನ ಮತ ಯಾವುದು, ಗಾಡಿಯಲ್ಲಿದ್ದದ್ದು ಏನು, ಅವನ ಮನೆಯವರಿಗೆ ಪರಿಹಾರ ಕೊಡಬೇಕೇ ಬೇಡವೇ ಎಂಬುದೇ ದೊಡ್ಡದಾಯಿತು. ಸತ್ತವನು ನಮ್ಮವನೋ ಅವರವನೋ ಎಂದು ನೋಡಿ ನ್ಯಾಯ ತೂಗುವ ತಕ್ಕಡಿ ಯಾವ ಅಂಗಡಿಯಲ್ಲಿದ್ದರೂ ಅದು ಖೋಟಾ ತಕ್ಕಡಿಯೇ.

ಕಾನೂನು ಏನು ಹೇಳುತ್ತದೆ?

ವಿಚಾರಣೆ ಬೇಕೆನ್ನುವುದು ಯಾರೋ ನಾಲ್ಕು ಮಂದಿ ಬುದ್ಧಿಜೀವಿಗಳ ಹಟವೆಂದು ಹಲವರು ತಿಳಿದಿದ್ದಾರೆ. ಇದು ದೇಶದ ಕಾನೂನು. ಪೋಲೀಸರ ಗುಂಡಿನಿಂದ ಸಾವು ಸಂಭವಿಸಿದಾಗ ಏನು ಮಾಡಬೇಕೆಂಬ ನಿಯಮಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೧೯೯೭ರಲ್ಲಿಯೇ ಎಲ್ಲ ರಾಜ್ಯಗಳಿಗೆ ಕಳುಹಿಸಿತ್ತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಮುಂದೆ ೨೦೧೪ರ ಸೆಪ್ಟೆಂಬರ್ ೨೩ರಂದು ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಹದಿನಾರು ಸೂತ್ರಗಳನ್ನು ವಿಧಿಸಿ, ದೇಶದಲ್ಲೆಲ್ಲ ಇವುಗಳನ್ನು ಪಾಲಿಸತಕ್ಕದ್ದೆಂದು ಆಜ್ಞೆ ಮಾಡಿತು.

ಅವುಗಳಲ್ಲಿ ಮುಖ್ಯವಾದವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಸುಳಿವು ಸಿಕ್ಕಿದಾಗ ಅದನ್ನು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಿಸಬೇಕು. ಗುಂಡಿನಿಂದ ಸಾವಾದರೆ ಪ್ರಥಮ ವರ್ತಮಾನ ವರದಿ ಬರೆದು ಕೋರ್ಟಿಗೆ ಕಳುಹಿಸಬೇಕು. ತನಿಖೆಯನ್ನು ಗುಂಡು ಹಾರಿಸಿದವರೇ ಮಾಡಕೂಡದು, ಸಿ.ಐ.ಡಿ.ಯವರಾಗಲಿ ಬೇರೊಂದು ಠಾಣೆಯವರಾಗಲಿ ಹಿರಿಯ ಅಧಿಕಾರಿಯ ಕೈಕೆಳಗೆ ಮಾಡಬೇಕು. ಪೋಲೀಸು ಗುಂಡಿನಿಂದಾದ ಪ್ರತಿಯೊಂದು ಸಾವಿಗೂ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಲೇಬೇಕು. ಸತ್ತವನ ಹತ್ತಿರದ ಬಂಧುಗಳಿಗೆ ತಿಳಿಸಬೇಕು. ಕ್ರಮ ತಪ್ಪಿದೆಯೆಂದು ಅವರಿಗೆ ಕಂಡರೆ ಸೆಷನ್ಸ್ ನ್ಯಾಯಾಧೀಶರಲ್ಲಿ ದೂರಿಕೊಳ್ಳಬಹುದು. ಶೌರ್ಯವು ಸಂಶಯಾತೀತವಾಗಿ ಸ್ಥಾಪಿತವಾಗುವವರೆಗೆ ಗುಂಡು ಹಾರಿಸಿದವರಿಗೆ ಸರದಿ ತಪ್ಪಿಸಿ ಬಡ್ತಿಯನ್ನೋ ತಕ್ಷಣದ ಶೌರ್ಯ ಬಹುಮಾನವನ್ನೋ ಕೊಡಕೂಡದು.

ನೋಡಿ, ಇದರಲ್ಲಿ ಪೋಲೀಸರ ಕೈ ಕಟ್ಟುವ ಮಾತು ಎಲ್ಲಿದೆ? ಪ್ರಾಣಕ್ಕೆ ಅಪಾಯ ಬಂದಾಗ ಗುಂಡು ಹಾರಿಸಬೇಡವೆಂದು ಯಾವ ಸೂತ್ರವೂ ಹೇಳುವುದಿಲ್ಲ. ಹಾರಿಸಿದ ಮೇಲೆ ಲೆಕ್ಕ ಕೊಡು ಎನ್ನುತ್ತದೆ, ಅಷ್ಟೇ. ನಮ್ಮ ಅಂಗಡಿಕಾರರು ತಿಂಗಳು ತಿಂಗಳಿಗೆ ತೆರಿಗೆ ಇಲಾಖೆಗೆ ಲೆಕ್ಕ ಕೊಡುತ್ತಾರೆ. ಮಿಲ್ಲಿನ ಗುಮಾಸ್ತನು ಒಂದು ಮೂಟೆ ಅಕ್ಕಿ ಕಡಿಮೆಯಾದರೆ ಧಣಿಯ ಮುಂದೆ ನಿಂತು ಉತ್ತರ ಹೇಳುತ್ತಾನೆ. ಲೆಕ್ಕ ಕೇಳಿದ ಮಾತ್ರಕ್ಕೆ ಅವನನ್ನು ಕಳ್ಳನೆಂದಂತಾಯಿತೇ? ಒಂದು ಮೂಟೆ ಅಕ್ಕಿಗಿರುವ ಲೆಕ್ಕ ಒಂದು ಜೀವಕ್ಕೆ ಬೇಡವೇ? ಪ್ರಾಮಾಣಿಕನಾದ ಪೋಲೀಸನಿಗೂ ಈ ಲೆಕ್ಕವೇ ರಕ್ಷೆ. ತನ್ನ ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿದ ಪೇದೆಯನ್ನು ಬೀದಿಯಲ್ಲಿ ಕೊಲೆಗಡುಕನೆಂದು ಕರೆದರೆ ಅವನು ತೋರಿಸಬಹುದಾದ ರಸೀದಿಯೆಂದರೆ ನಿಷ್ಪಕ್ಷಪಾತ ವಿಚಾರಣೆಯ ವರದಿಯೊಂದೇ. ಮಂತ್ರಿಗಳ ಹೊಗಳಿಕೆಯು ಮುಂದಿನ ಚುನಾವಣೆಯವರೆಗೆ ಮಾತ್ರ.

ಕುರ್ಚಿ ಬದಲಾದರೆ ನ್ಯಾಯವೂ ಬದಲಾದೀತೇ?

ಇಲ್ಲಿ ನಮ್ಮ ರಾಜಕೀಯ ಪಕ್ಷಗಳ ನಡತೆಯನ್ನು ನೋಡಬೇಕು. ೨೦೧೯ರ ಡಿಸೆಂಬರ್ ೧೯ರಂದು ಮಂಗಳೂರಿನಲ್ಲಿ ಪೌರತ್ವ ಕಾಯಿದೆಯ ವಿರುದ್ಧದ ಪ್ರತಿಭಟನೆಯ ಹೊತ್ತಿನಲ್ಲಿ ಪೋಲೀಸರ ಗುಂಡಿಗೆ ಇಬ್ಬರು ಸತ್ತರು. ಆಗ ಅಧಿಕಾರದಲ್ಲಿದ್ದದ್ದು ಭಾರತೀಯ ಜನತಾ ಪಕ್ಷ, ಯಡಿಯೂರಪ್ಪನವರು ಮುಖ್ಯಮಂತ್ರಿಗಳು. ಸತ್ತವರ ಕುಟುಂಬಗಳಿಗೆ ಘೋಷಿಸಿದ ಪರಿಹಾರವನ್ನೂ ಅವರು ತಡೆಹಿಡಿದರು. ಮ್ಯಾಜಿಸ್ಟ್ರೇಟರ ವಿಚಾರಣೆ ಸಾಲದು, ನ್ಯಾಯಾಂಗ ವಿಚಾರಣೆಯೇ ಬೇಕೆಂದು ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸಿಗರು ಗಟ್ಟಿಯಾಗಿ ಕೇಳಿದರು. ಕೇಳಿದ್ದು ಸರಿಯೇ. ಐದು ವರ್ಷ ಕಳೆದು ಅವರೇ ಕುರ್ಚಿಯಲ್ಲಿ ಕುಳಿತಿದ್ದಾಗ ಪೀತಬೈಲು ನಡೆಯಿತು. ಆಗ ಅವರ ಬಾಯಿಂದ ಬಂದದ್ದು ಪೋಲೀಸರ ಹೇಳಿಕೆಯೇ. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಮಾಜವಾದಿ ಗರಡಿಯಿಂದ ಬಂದವರು, ಲೋಹಿಯಾ ಹೆಸರು ಹೇಳಿಕೊಂಡು ಬೆಳೆದವರು. ಅವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸುವುದು ನಮ್ಮ ಕರ್ತವ್ಯ.

೧೯೫೪ರ ಆಗಸ್ಟಿನಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಸರಕಾರವಿತ್ತು. ಪಟ್ಟಂ ತಾಣು ಪಿಳ್ಳೆಯವರು ಮುಖ್ಯಮಂತ್ರಿ. ತಮಿಳು ಭಾಷಿಕರ ಚಳವಳಿಯ ಮೇಲೆ ಆ ಸರಕಾರದ ಪೋಲೀಸರು ಗುಂಡು ಹಾರಿಸಿ ಜನರನ್ನು ಕೊಂದರು. ಆಗ ಡಾಕ್ಟರ್ ರಾಮಮನೋಹರ ಲೋಹಿಯಾ ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿಗಳು, ಉತ್ತರ ಪ್ರದೇಶದ ನೈನಿ ಜೈಲಿನಲ್ಲಿದ್ದರು. ಜೈಲಿನಿಂದಲೇ ತಮ್ಮ ಪಕ್ಷದ ಸರಕಾರಕ್ಕೆ ಹೇಳಿದರು: ರಾಜೀನಾಮೆ ಕೊಡಿ, ವಿಚಾರಣೆ ನಡೆಸಿ. ಪಕ್ಷದ ಒಳಗೆ ಕೋಲಾಹಲವೆದ್ದಿತು. ಎಷ್ಟೋ ಪ್ರಯಾಸದಿಂದ ಸಿಕ್ಕಿದ ಅಧಿಕಾರವನ್ನು ಬಿಟ್ಟುಬಿಡಬೇಕೇ ಎಂದು ಹಲವರು ಸಿಡುಕಿದರು. ಸರಕಾರ ರಾಜೀನಾಮೆ ಕೊಡಲಿಲ್ಲ. ಬಿರುಕು ಬೆಳೆದು ಕಡೆಗೆ ಲೋಹಿಯಾ ಬೇರೆಯೇ ಪಕ್ಷ ಕಟ್ಟಬೇಕಾಯಿತು. ಸ್ವತಂತ್ರ ದೇಶದಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸುವ ಸರಕಾರಕ್ಕೆ, ಅದು ತನ್ನದೇ ಆಗಿದ್ದರೂ, ಉಳಿಯುವ ಹಕ್ಕಿಲ್ಲವೆಂಬುದು ಅವರ ನಿಲುವು.

ಪೀತಬೈಲಿನವನು ನಿರಾಯುಧನಾಗಿರಲಿಲ್ಲವೆಂದು ಪೋಲೀಸರು ಹೇಳುತ್ತಾರೆ. ಎರಡೂ ಒಂದೇ ಅಲ್ಲ, ನಿಜ. ಆದುದರಿಂದ ಯಾರ ರಾಜೀನಾಮೆಯನ್ನೂ ನಾವು ಕೇಳುವುದಿಲ್ಲ. ಕೇಳುವುದು ವಿಚಾರಣೆಯನ್ನು, ಅದರ ವರದಿಯನ್ನು. ವಿರೋಧ ಪಕ್ಷದಲ್ಲಿದ್ದಾಗ ನ್ಯಾಯವೆಂದು ಕಂಡದ್ದು ಅಧಿಕಾರಕ್ಕೆ ಬಂದ ಮೇಲೆ ಪೋಲೀಸರ ಮನೋಬಲಕ್ಕೆ ಕುಂದು ತರುವ ಮಾತೆಂದು ಕಂಡರೆ, ಆ ನ್ಯಾಯವು ಕುರ್ಚಿಯ ಕಾಲಿಗೆ ಕಟ್ಟಿದ್ದೆಂದೇ ಅರ್ಥ. ಕಾಗೋಡಿನ ರೈತರನ್ನು ನೋಡಲು ೧೯೫೧ರಲ್ಲಿ ಬಂದ ಲೋಹಿಯಾ ಅವರನ್ನೇ ಸಾಗರದಲ್ಲಿ ಬಂಧಿಸಿದ ಪೋಲೀಸರ ಪರಂಪರೆಯಿದು. ಆಗಲೂ ಸರಕಾರವು ಶಾಂತಿಪಾಲನೆಗಾಗಿ ಎಂದೇ ಹೇಳಿತ್ತು. ಉಳುವವನಿಗೆ ಭೂಮಿ ಎಂದು ಕೇಳಿದ ಗೇಣಿದಾರರು ಅಂದು ಕಾನೂನು ಭಂಗದವರೆನಿಸಿಕೊಂಡರು. ಎಪ್ಪತ್ತರ ದಶಕದಲ್ಲಿ ಅದೇ ಮಾತು ಶಾಸನವಾಯಿತು. ಸರಕಾರ ಇಂದು ಯಾರನ್ನು ಏನೆಂದು ಕರೆಯುತ್ತದೆಂಬುದನ್ನು ಕಣ್ಣುಮುಚ್ಚಿ ನಂಬದಿರಲು ಶ್ರಮಜೀವಿಗಳಿಗೆ ಇಷ್ಟು ಚರಿತ್ರೆ ಸಾಕು.

ಮಾತಿನಿಂದ ಆದ ಕೆಲಸ

ಪೀತಬೈಲಿನ ಘಟನೆ ನಡೆದು ಎರಡು ತಿಂಗಳೂ ತುಂಬಿರಲಿಲ್ಲ. ೨೦೨೫ರ ಜನವರಿ ೮ರಂದು ಮುಂಡಗಾರು ಲತಾ ಮೊದಲಾಗಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಆರರಲ್ಲಿ ನಾಲ್ವರು ಹೆಂಗಸರು. ಫೆಬ್ರವರಿಯ ಮೊದಲ ದಿನಗಳಲ್ಲಿ ಕೋಟೆಹೊಂಡ ರವಿ ಚಿಕ್ಕಮಗಳೂರಿನಲ್ಲಿಯೂ, ತೊಂಬಟ್ಟು ಲಕ್ಷ್ಮಿ ನಮ್ಮ ಉಡುಪಿಯಲ್ಲಿಯೇ ಜಿಲ್ಲಾಧಿಕಾರಿಗಳ ಮುಂದೆಯೂ ಶರಣಾದರು. ರಾಜ್ಯವು ನಕ್ಸಲ್ ಮುಕ್ತವಾಯಿತೆಂದು ಸರಕಾರ ಸಾರಿತು. ಮಾತುಕತೆಗೆ ನಡುವೆ ನಿಂತವರು ಯಾರು? ಬಂಜಗೆರೆ ಜಯಪ್ರಕಾಶ್ ಮೊದಲಾದ ನಾಗರಿಕರು. ಪೀತಬೈಲಿನ ಸಾವಿಗೆ ವಿಚಾರಣೆ ಬೇಕೆಂದು ಕೇಳಿದವರ ಸಾಲಿಗೇ ಸೇರಿದವರು. ಪ್ರಶ್ನೆ ಕೇಳಿದ್ದಕ್ಕೆ ನಕ್ಸಲ್ ಬೆಂಬಲಿಗರೆಂದು ಯಾರನ್ನು ಬೈದರೋ ಅಂಥವರೇ ಎಂಟು ಮಂದಿಯ ಕೈಯಿಂದ ಬಂದೂಕನ್ನು ಕೆಳಗಿಡಿಸಲು ನೆರವಾದರು.

ಇದು ಹೊಸದೂ ಅಲ್ಲ. ೨೦೧೪ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಅವರು ಕಾಡು ಬಿಟ್ಟು ಬಂದಾಗ ಕೈಹಿಡಿದು ಕರೆತಂದವರು ಸ್ವಾತಂತ್ರ್ಯ ಹೋರಾಟಗಾರ ಎಚ್. ಎಸ್. ದೊರೆಸ್ವಾಮಿ, ಎ. ಕೆ. ಸುಬ್ಬಯ್ಯ, ಗೌರಿ ಲಂಕೇಶ್. ಪೋಲೀಸರ ಒತ್ತಡವಿಲ್ಲದೆ ಬರೀ ಮಾತಿನಿಂದಲೇ ಇದೆಲ್ಲ ಆಯಿತೆಂದು ನಾವು ವಾದಿಸುವುದಿಲ್ಲ. ಕಾಡಿನಲ್ಲಿ ತಿರುಗಿ ಮಲೇರಿಯ, ಜಿಗಣೆ, ನಿದ್ದೆಗೇಡು ಅನುಭವಿಸಿದ ಪೇದೆಗಳ ಶ್ರಮವನ್ನು ಅಲ್ಲಗಳೆಯುವುದೂ ಇಲ್ಲ. ಆದರೆ ಬಂದೂಕು ಕೆಳಗಿಟ್ಟವರು ಈಗ ಕೋರ್ಟಿನಲ್ಲಿ ತಮ್ಮ ಮೇಲಿನ ಖಟ್ಲೆಗಳಿಗೆ ಉತ್ತರ ಕೊಡಬೇಕು. ಅವರಿಂದ ನೊಂದ ಕುಟುಂಬಗಳು ಸಾಕ್ಷಿಕಟ್ಟೆಯ ಮುಂದೆ ಕುಳಿತು ಕೇಳಬಹುದು. ಸತ್ತ ವಿಕ್ರಂ ಗೌಡನು ಯಾವ ನ್ಯಾಯಾಧೀಶರ ಮುಂದೆಯೂ ನಿಲ್ಲಲಾರನು. ಅವನ ಮೇಲಿದ್ದ ಆರೋಪಗಳಲ್ಲಿ ಯಾವುದು ನಿಜ, ಯಾವುದು ಪೋಲೀಸು ಕಡತದಲ್ಲಿ ಸೇರಿಕೊಂಡದ್ದು ಎಂಬುದು ಕಬ್ಬಿನಾಲೆಯಲ್ಲಿ ಮನೆಯ ಯಜಮಾನನನ್ನು ಕಳೆದುಕೊಂಡವರಿಗೂ ಇನ್ನು ತಿಳಿಯುವಂತಿಲ್ಲ. ಜೀವಂತ ಹಿಡಿಯುವುದರಿಂದ ಲಾಭ ನಕ್ಸಲನಿಗಷ್ಟೇ ಅಲ್ಲ, ಅವನಿಂದ ನೊಂದವರಿಗೂ ಇದೆ.

ಕಾಡಿನವರು ಬಂದೂಕು ಹಿಡಿದದ್ದೇಕೆಂಬುದನ್ನೂ ಮರೆಯಬಾರದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ತಲೆತಲಾಂತರದಿಂದ ಬಂದ ಮನೆ-ಗದ್ದೆಗಳಿಂದ ಎಬ್ಬಿಸುತ್ತಾರೆಂಬ ಭೀತಿ ಮೊದಲು ಬಂತು. ಕೆಂಪು ಬಾವುಟ ಬಂದದ್ದು ಅದರ ಹಿಂದೆ. ಅದೇ ಬೆಟ್ಟದಲ್ಲಿ ಅದಿರು ಅಗೆಯಲು ಕಂಪೆನಿಗೆ ೨೦೦೫ರ ಕಡೆಯವರೆಗೂ ಅವಕಾಶವಿತ್ತು. ನಾಲ್ಕು ಮುಡಿ ಗದ್ದೆಯ ಮಲೆಕುಡಿಯನು ಮಾತ್ರ ಕಾಡಿಗೆ ಕಂಟಕನೆನಿಸಿದನು. ಅರಣ್ಯ ಹಕ್ಕು ಕಾಯಿದೆಯು ೨೦೦೬ರಲ್ಲಿ ಬಂತು. ಅದರಂತೆ ಹಕ್ಕುಪತ್ರ, ರಸ್ತೆ, ದೀಪ, ಶಾಲೆ ಎಲ್ಲ ಮನೆಗೂ ಮುಟ್ಟುವ ಮೊದಲೇ ಕಾಡು ನಕ್ಸಲ್ ಮುಕ್ತವಾಯಿತೆಂದು ಡಂಗುರ ಹೊಡೆದರೆ, ಬಂದೂಕು ಹೋದರೂ ಅದು ಬಂದ ದಾರಿ ಹಾಗೆಯೇ ತೆರೆದಿರುತ್ತದೆ.

ಕಡಿಯಾಳಿಯವರಿಗೆ ಇದರಿಂದೇನು?

"ಕಾಡಿನ ವಿಷಯ ಕಾಡಿನವರಿಗೆ" ಎನ್ನುವವರಿಗೆ ಕಡೆಯ ಮಾತು. ನಕ್ಸಲರು ಮುಗಿದರೆಂದು ಸರಕಾರ ಸಾರಿದ ಮೇಲೆ ಕಾರ್ಕಳದಲ್ಲಿ ಕೇಂದ್ರವಿದ್ದ ನಕ್ಸಲ್ ನಿಗ್ರಹ ಪಡೆಯಿಂದ ೨೪೮ ಮಂದಿಯನ್ನು ತೆಗೆದು, ೨೦೨೫ರಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಮತೀಯ ಹಿಂಸೆ ತಡೆಯುವ ವಿಶೇಷ ಕಾರ್ಯಪಡೆಯನ್ನು ರಚಿಸಿದರು. ಮತೀಯ ಕೊಲೆಗಳಿಂದ ಕರಾವಳಿ ಬೆಂದಿರುವಾಗ ಅಂಥದೊಂದು ಪಡೆ ಬೇಕಾಗಿದ್ದೀತು. ಅದನ್ನು ನಾವು ವಿರೋಧಿಸುವುದಿಲ್ಲ. ಆದರೆ ಕಾಡಿನಲ್ಲಿ ತಿರುಗಿದ ಪಡೆ ಈಗ ಪೇಟೆಗೆ ಬಂದಿದೆ. ಕಾಡಿನಲ್ಲಿ ಅದು ಯಾವ ಅಭ್ಯಾಸ ಕಲಿತಿದೆಯೋ, ಗುಂಡಿಗೆ ಲೆಕ್ಕ ಕೊಡುವ ಅಭ್ಯಾಸವನ್ನೋ ಕೊಡದಿರುವ ಅಭ್ಯಾಸವನ್ನೋ, ಅದನ್ನೇ ನಮ್ಮ ಬೀದಿಗೂ ತಂದೀತು. ನಾಳೆ ಗಲಾಟೆಯೊಂದರಲ್ಲಿ ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಓಡುವ ಹುಡುಗನು, ಮಿಲ್ಲಿನ ಗೇಟಿನ ಮುಂದೆ ಬೋನಸ್ಸಿಗಾಗಿ ಕುಳಿತ ಕೆಲಸಗಾರನು ಆ ಪೋಲೀಸರ ಕಣ್ಣಿಗೆ ಯಾರೆಂದು ಕಂಡಾನೋ ಹೇಳಬಲ್ಲವರು ಯಾರು? ತನಿಕೋಡಿನ ಗೇಟಿನಲ್ಲಿ ಸತ್ತವನೂ ಕೂಲಿಯವನೇ ಎಂಬುದನ್ನು ನೆನಪಿಡಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಸರಳವಾದವು. ಪೀತಬೈಲಿನ ಸಾವಿನ ಮ್ಯಾಜಿಸ್ಟ್ರೇಟ್ ವಿಚಾರಣೆಯ ವರದಿಯೂ ಸ್ವತಂತ್ರ ತನಿಖೆಯ ಫಲಿತಾಂಶವೂ ಕನ್ನಡದಲ್ಲಿ ಅಚ್ಚಾಗಿ ಜನರ ಕೈಗೆ ಬರಲಿ. ಹೆಬ್ರಿ ತಾಲೂಕು ಕಚೇರಿಯಲ್ಲಿ ಯಾರು ಬೇಕಾದರೂ ಓದುವಂತಿರಲಿ. ವರದಿ ಪೋಲೀಸರ ಪರವಾಗಿದ್ದರೆ ಅದನ್ನು ಒಪ್ಪಿ ಈ ಪತ್ರಿಕೆಯಲ್ಲಿಯೇ ಪ್ರಕಟಿಸೋಣ. ನಕ್ಸಲರಿಂದ ಸತ್ತವರ ಕುಟುಂಬಗಳಿಗೂ ಪೋಲೀಸರ ತಪ್ಪಿನಿಂದ ಸತ್ತವರ ಕುಟುಂಬಗಳಿಗೂ, ಮತ-ಜಾತಿ ನೋಡದೆ, ಪರಿಹಾರದ ಒಂದೇ ಅಳತೆಯಿರಲಿ. ನಿರ್ದೋಷಿಯೆಂದು ಕೋರ್ಟು ಬಿಡುಗಡೆ ಮಾಡಿದವನಿಗೆ ಕಳೆದುಹೋದ ವರ್ಷಗಳ ಬಾಬ್ತು ಸರಕಾರ ಏನಾದರೂ ತೆರಬೇಕೆಂಬ ಕಾನೂನು ಬರಲಿ. ಹೊಸ ಕಾರ್ಯಪಡೆಗೆ ಆ ಹದಿನಾರು ಸೂತ್ರಗಳನ್ನು ಮೊದಲ ದಿನದ ಪಾಠವಾಗಿ ಹೇಳಿಕೊಡಲಿ.

ಇವುಗಳಲ್ಲಿ ಯಾವುದನ್ನು ಕೇಳಿದರೆ ದ್ರೋಹವಾಗುತ್ತದೆ? ಬಂದೂಕು ಕೊಂಡದ್ದು ಜನರ ತೆರಿಗೆಯಿಂದ, ಗುಂಡು ಕೊಂಡದ್ದೂ ಜನರ ತೆರಿಗೆಯಿಂದ. ಬೀಡಿ ಕಟ್ಟುವ ಹೆಂಗಸು ಕೊಳ್ಳುವ ಸಾಬೂನಿನಲ್ಲಿಯೂ ಆ ತೆರಿಗೆಯ ಪಾಲಿದೆ. ಮುಂದಿನ ಸಲ ಶಾಸಕರೋ ಸಂಸದರೋ ಕಡಿಯಾಳಿಗೆ ಓಟು ಕೇಳಲು ಬಂದಾಗ, ಚರಂಡಿ, ರಸ್ತೆಗಳ ಮಾತಿನೊಡನೆ ಇದೊಂದು ಮಾತನ್ನೂ ಕೇಳಿ: ಪೀತಬೈಲಿನ ವರದಿ ಎಲ್ಲಿದೆ? ಒಬ್ಬರು ಕೇಳಿದರೆ ಅವರನ್ನು ನಕ್ಸಲನೆಂದಾರು. ಅಂಗಡಿ ಅಂಗಡಿಯಲ್ಲಿ, ಮಿಲ್ಲು ಮಿಲ್ಲಿನಲ್ಲಿ ಎಲ್ಲರೂ ಕೇಳಿದರೆ ಉತ್ತರ ಕೊಡದೆ ಅವರಿಗೆ ಗತಿಯಿಲ್ಲ.